ಮನೆಯಲ್ಲಿ ಮಾಡತಕ್ಕ ಕೊಕ್ಕೆ ಕೆಲಸ
(ಸ್ತ್ರೀಯರ ಕೂಟಗಳಲ್ಲಿ ಓದಿ ವಿಚಾರಿಸತಕ್ಕ ಪಾಠ)



ಸುಗ್ಗಿ ಮುಗಿದು, ಜೋಳದ ಕಣ ಬರಿದಾಗಿ, ಹೊಲದಲ್ಲಿ ಕೂಲಿ ಸಿಕ್ಕದೆ ಇರುವ ದಿನಗಳಲ್ಲಿಯೂ ನಮ್ಮ ಗ್ರಾಮಗಳ ಸ್ತ್ರೀಯರ ಕೈಗಳು ಸುಮ್ಮನಿರುವದಿಲ್ಲ. ಒಬ್ಬಳು ಹಳೇ ಸೀರೆಗಳನ್ನು ಕೂಡಿಸಿ ಕೌದಿ ಹೊಲಿಯುತ್ತಾಳೆ. ಇನ್ನೊಬ್ಬಳು ಶಾವಿಗೆ ಹೊಸೆಯುತ್ತಾಳೆ. ಮತ್ತೊಬ್ಬಳು ಸೀರೆಯ ಸೆರಗಿಗೆ ಕುಚ್ಚು ಕಟ್ಟುತ್ತಾಳೆ. ಇಂಥ ದಿನಗಳಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಗಳಲ್ಲಿ ನಾವು ಹೋದ ಕಡೆಯಲ್ಲೆಲ್ಲಾ ಸಹೋದರಿಯರು ನಮ್ಮನ್ನು ಎರಡು ಪ್ರಶ್ನೆಗಳನ್ನು ಕೇಳಿದ್ದುಂಟು. ಮನೆಯಲ್ಲಿ ಕೂತು ಸುಲಭವಾಗಿಯೂ ಸಂತೋಷವಾಗಿಯೂ ಮಾಡಬಹುದಾದ ಕ್ರೋಶಾ ಕೆಲಸ ಯಾವದು, ಎಂಬದು ಮೊದಲನೆಯದು. ಅದರಿಂದ ಮನೆಗೆ ನಾಲ್ಕು ದುಡ್ಡು ಬರುವದೋ, ಎಂಬದು ಎರಡನೆಯದು. ಮೊದಲನೆಯದಕ್ಕೆ ಉತ್ತರ ಹೇಳುವದು ಸುಲಭ. ಎರಡನೆಯದಕ್ಕೆ ಉತ್ತರ ಹೇಳುವದಕ್ಕೆ ಮುಂಚೆ ಕೆಲವು ದೂರದ ದೇಶಗಳ ಕಥೆಯನ್ನೂ ನಮ್ಮ ನೆರೆಯ ಊರಿನ ಕಥೆಯನ್ನೂ ತಿಳಿಯಬೇಕಾಗಿದೆ. ಆದಕಾರಣ ಈ ಪಾಠವನ್ನು ಕ್ರಮವಾಗಿ ಓದಿರಿ. ಓದುವಾಗ ಕೊಕ್ಕೆಯೂ ನೂಲೂ ಕೈಯಲ್ಲಿರಲಿ.

1. ಕೊಕ್ಕೆ ಕೆಲಸವೆಂದರೇನು?

ಕ್ರೋಶಾ ಎಂಬದು ಫ್ರೆಂಚ್ ಭಾಷೆಯಿಂದ ಬಂದ ಮಾತು. ಅದರ ಅರ್ಥ ಚಿಕ್ಕ ಕೊಕ್ಕೆ. ಉಣ್ಣೆಯ ಅಂಗಿ ಹೆಣೆಯುವವರು ಎರಡು ಕಡ್ಡಿಗಳನ್ನು ಹಿಡಿದು ಒಂದು ಸಾಲಿನ ಕುಣಿಕೆಗಳನ್ನೆಲ್ಲಾ ಕಡ್ಡಿಯ ಮೇಲೆಯೇ ಇಟ್ಟುಕೊಂಡಿರುತ್ತಾರೆ. ಕಡ್ಡಿ ಜಾರಿದರೆ ಸಾಲೇ ಬಿಚ್ಚಿಹೋಗುವ ಭಯವುಂಟು. ಕ್ರೋಶಾ ಕೆಲಸದಲ್ಲಿಯಾದರೋ ಕಡ್ಡಿ ಒಂದೇ, ಅದರ ತುದಿಯಲ್ಲಿ ಕೊಕ್ಕೆ, ಕೊಕ್ಕೆಯ ಮೇಲೆ ಸಾಧಾರಣವಾಗಿ ಒಂದೇ ಕುಣಿಕೆ. ಕೂಸು ಅತ್ತರೆ, ಹಾಲು ಉಕ್ಕಿದರೆ, ಬಾಗಿಲಿಗೆ ನೆಂಟರು ಬಂದರೆ ಕೆಲಸವನ್ನು ಥಟ್ಟನೆ ಕೆಳಗಿಟ್ಟು ಏಳಬಹುದು. ಬಿಚ್ಚಿಹೋದರೂ ಒಂದೆರಡು ಕುಣಿಕೆಗಳು ಮಾತ್ರ. ಮನೆವಾರ್ತೆಯುಳ್ಳ ಸ್ತ್ರೀಗೆ ಈ ಕೆಲಸವು ಒಗ್ಗುವದಕ್ಕೆ ಇದೇ ಮುಖ್ಯ ಕಾರಣ.

ಬೇಕಾದ ಸಾಮಾನುಗಳು ಸ್ವಲ್ಪವೇ. ಸಣ್ಣ ಹತ್ತಿಯ ನೂಲಿಗೆ ಒಂದೂಕಾಲು ಮಿಲಿಮೀಟರಿನ ಉಕ್ಕಿನ ಕೊಕ್ಕೆ, ಉಣ್ಣೆಗೆ ನಾಲ್ಕು ಮಿಲಿಮೀಟರಿನ ಕೊಕ್ಕೆ ಸಾಕು. ಹಳೇ ಸೀರೆಯ ಪಟ್ಟಿಗಳಲ್ಲಿ ಕೆಲಸ ಮಾಡುವದಾದರೆ ಕಿರುಬೆರಳಿನಷ್ಟು ದಪ್ಪದ ಕೊಕ್ಕೆ ಬೇಕು. ಅದನ್ನು ಬಿದಿರಿನಿಂದಾಗಲಿ ಬೇವಿನ ಕಟ್ಟಿಗೆಯಿಂದಾಗಲಿ ಕೆತ್ತಿಸಿ, ನೂಲು ಸಿಕ್ಕಿಕೊಳ್ಳದಂತೆ ನುಣ್ಣಗೆ ಉಜ್ಜಿಸಿಕೊಳ್ಳಬಹುದು. ಹೊಸದಾಗಿ ಕಲಿಯುವವರು ಸಣ್ಣ ಬಿಳೀ ನೂಲಿನಿಂದ ಆರಂಭಿಸಬಾರದು. ಕುಣಿಕೆಗಳು ಕಣ್ಣಿಗೆ ಕಾಣದೆ ಬೇಸರ ಹುಟ್ಟುವದು. ದಪ್ಪವಾದ, ತಿಳಿಯಾದ ಬಣ್ಣದ ನೂಲಿನಿಂದ ಆರಂಭಿಸಿರಿ.

2. ಮೂರು ಕುಣಿಕೆಗಳು

ನೂರಾರು ನಮೂನೆಗಳಿದ್ದರೂ ಅವೆಲ್ಲವೂ ಮೂರು ಕುಣಿಕೆಗಳಿಂದಲೇ ಬಹುಮಟ್ಟಿಗೆ ಹುಟ್ಟುತ್ತವೆ.

ಸರಪಳಿ: ನೂಲಿನ ತುದಿಯಲ್ಲಿ ಜಾರುಕುಣಿಕೆ ಮಾಡಿ ಕೊಕ್ಕೆಗೆ ಸಿಕ್ಕಿಸಿರಿ. ನೂಲನ್ನು ಕೊಕ್ಕೆಯ ಮೇಲೆ ಒಂದಾವರ್ತಿ ಸುತ್ತಿ ಆ ಕುಣಿಕೆಯೊಳಗಿಂದ ಎಳೆಯಿರಿ. ಒಂದು ಸರಪಳಿ ಆಯಿತು. ಹೀಗೆಯೇ ಮುಂದುವರಿಸಿರಿ.

ಗಿಡ್ಡ ಕಂಬ: ಕೊಕ್ಕೆಯನ್ನು ಕೆಳಗಿನ ಸಾಲಿನ ಕುಣಿಕೆಯಲ್ಲಿ ತೂರಿಸಿ ನೂಲನ್ನು ಎಳೆದು ತನ್ನಿರಿ; ಈಗ ಕೊಕ್ಕೆಯ ಮೇಲೆ ಎರಡು ಕುಣಿಕೆಗಳಿರುವವು. ಪುನಃ ನೂಲು ಸುತ್ತಿ ಎರಡರೊಳಗಿಂದಲೂ ಒಟ್ಟಿಗೆ ಎಳೆಯಿರಿ.

ಉದ್ದ ಕಂಬ: ಮೊದಲು ಕೊಕ್ಕೆಯ ಮೇಲೆ ನೂಲು ಸುತ್ತಿ, ಅನಂತರ ಕೆಳಗಿನ ಕುಣಿಕೆಯಲ್ಲಿ ತೂರಿಸಿ ನೂಲು ಎಳೆದರೆ ಮೂರು ಕುಣಿಕೆಗಳಾಗುವವು. ನೂಲು ಸುತ್ತಿ ಎರಡರೊಳಗಿಂದ ಎಳೆಯಿರಿ. ಮತ್ತೊಮ್ಮೆ ಸುತ್ತಿ ಉಳಿದ ಎರಡರೊಳಗಿಂದ ಎಳೆಯಿರಿ.

ಒಂದು ವಾರದ ತನಕ ಬೇರೇನೂ ಮಾಡದೆ ಈ ಮೂರನ್ನೇ ಸಾಧಿಸತಕ್ಕದ್ದು. ಮೊದಮೊದಲು ಕೈ ಬಿಗಿಯಾಗಿ ಕೊಕ್ಕೆ ತೂರುವದಿಲ್ಲ. ಆಮೇಲೆ ಕೈ ಸಡಿಲವಾಗಿ ಕುಣಿಕೆಗಳು ಜೋಲುತ್ತವೆ. ಕೊನೆಗೆ ಎಲ್ಲವೂ ಒಂದೇ ಸಮವಾಗಿ ಬರುತ್ತವೆ. ಎಲ್ಲರೂ ಈ ದಾರಿಯಲ್ಲಿಯೇ ಹೋದವರು. ಆದಕಾರಣ ಯಾರೂ ಅಧೈರ್ಯಪಡಬಾರದು.

3. ಒಂದೇ ನಿಯಮದಿಂದ ನಾಲ್ಕು ವಸ್ತುಗಳು

ಕಲಿತವರು ಮೊದಲು ದುಂಡು ಹಾಸನ್ನು ಮಾಡಲಿ. ನಾಲ್ಕು ಸರಪಳಿಗಳನ್ನು ಕೂಡಿಸಿ ಉಂಗುರ ಮಾಡಿರಿ. ಉಂಗುರದೊಳಗೆ 6 ಗಿಡ್ಡ ಕಂಬಗಳು. ಇದು ಮೊದಲನೆಯ ಸುತ್ತು. ಎರಡನೆಯ ಸುತ್ತಿನಲ್ಲಿ ಪ್ರತಿಯೊಂದು ಕಂಬದ ಮೇಲೆ ಎರಡೆರಡು, ಒಟ್ಟು 12. ಮೂರನೆಯದರಲ್ಲಿ ಒಂದರ ಮೇಲೆ ಒಂದು, ಮುಂದಿನದರ ಮೇಲೆ ಎರಡು, ಹೀಗೆ ಸುತ್ತಲೂ, ಒಟ್ಟು 18. ನಾಲ್ಕನೆಯದರಲ್ಲಿ ಒಂದು, ಒಂದು, ಎರಡು, ಒಟ್ಟು 24. ಹೀಗೆ ಪ್ರತಿ ಸುತ್ತಿಗೂ ಆರಾರು ಕಂಬಗಳು ಹೆಚ್ಚಬೇಕೆಂಬದೇ ನಿಯಮ. ಅಂಚು ಬಟ್ಟಲಿನಂತೆ ಮೇಲಕ್ಕೆ ಬಾಗಿದರೆ ಕಂಬಗಳು ಕಡಿಮೆಯಾದವೆಂದೂ, ಅಂಚು ನೆರಿಗೆಯಾದರೆ ಹೆಚ್ಚಾದವೆಂದೂ ತಿಳಿಯಿರಿ. ಅಕ್ಷರ ಬಾರದವಳೂ ಎಣಿಸಬಲ್ಲಳು; ಎಣಿಸಬಲ್ಲವಳು ಈ ಹಾಸನ್ನು ಮಾಡಬಲ್ಲಳು.

ಈಗ ನೋಡಿರಿ. ಹಾಸು ಒಂದು ಗೇಣು ಅಗಲವಾದ ಮೇಲೆ ಹೆಚ್ಚಿಸುವದನ್ನು ನಿಲ್ಲಿಸಿ, ಕಂಬಕ್ಕೊಂದು ಕಂಬದಂತೆ ಸುತ್ತುತ್ತಾ ಹೋದರೆ ಗೋಡೆ ಏಳುತ್ತದೆ, ಅದು ಬುಟ್ಟಿ. ಉಳ್ಳಾಗಡ್ಡಿ ಬಳ್ಳೊಳ್ಳಿ ಹಾಕಿಡುವದಕ್ಕೆ ಒಳ್ಳೇದು. ಅದೇ ಕೆಲಸವನ್ನು ಮೆತ್ತನೆಯ ಹತ್ತಿಯ ನೂಲಿನಲ್ಲಿ ಮಾಡಿದರೆ ಕೂಸಿನ ಕುಲಾಯಿ. ಕೂಸಿನ ತಲೆಯ ಸುತ್ತಳತೆಯನ್ನು ದಾರದಿಂದ ಅಳೆದು ಆ ದಾರವನ್ನು ಮೂರು ಪಾಲು ಮಾಡಿರಿ. ದುಂಡಿನ ಅಗಲವು ಒಂದು ಪಾಲಿಗಿಂತ ತುಸು ಕಡಿಮೆಯಾದಾಗ ಹೆಚ್ಚಿಸುವದನ್ನು ನಿಲ್ಲಿಸಬೇಕು. ಸುತ್ತಳತೆ 40 ಸೆಂಟಿಮೀಟರ್ ಇದ್ದರೆ ದುಂಡಿನ ಅಗಲ 12 ಅಥವಾ 13 ಇರಲಿ.

ನಾಲ್ಕನೆಯದು ನಮ್ಮ ಸೀಮೆಯವರಿಗೆ ಹೇಳಿಸಿದ ವಸ್ತು. ಅದು ಕೊಡದ ಸಿಂಬೆ. ಹಳೇ ಹತ್ತಿಯ ಸೀರೆಯನ್ನು ಎರಡು ಬೆರಳಗಲದ ಪಟ್ಟಿಗಳಾಗಿ ಹರಿದು ದಪ್ಪ ಕೊಕ್ಕೆಯಿಂದ 20 ಸರಪಳಿ ಹಾಕಿ ಉಂಗುರ ಮಾಡಿರಿ. ಇಲ್ಲಿ ಹೆಚ್ಚಿಸುವದೇ ಇಲ್ಲ. ಸುತ್ತಿಗೆ ಇಪ್ಪತ್ತರಂತೆ ಆರು ಸುತ್ತು ಹಾಕಿದರೆ ಕೊಳವೆಯಂತಾಗುವದು. ಅದರ ಮೇಲಂಚನ್ನು ಹೊರಕ್ಕೆ ಮಡಚಿ, ಒಳಗೆ ಚಿಂದಿ ತುಂಬಿ, ಕೆಳಂಚಿಗೆ ಸೇರಿಸಿ ಹೊಲಿದರೆ ಮೆತ್ತನೆಯ ಸಿಂಬೆಯಾಯಿತು. ನೀರು ಹೊರುವದಕ್ಕಲ್ಲದೆ, ದುಂಡು ತಳದ ಗಡಿಗೆಯನ್ನು ಅಲುಗದಂತೆ ನಿಲ್ಲಿಸುವದಕ್ಕೂ ಇದು ತಕ್ಕದ್ದು. ಇದಕ್ಕೆ ಒಂದು ಕಾಸಿನ ಖರ್ಚೂ ಇಲ್ಲ.

4. ಸಂತೆಯ ಚೀಲ

ಮೇಲೆ ಹೇಳಿದ ದುಂಡನ್ನು ಆರು ಸುತ್ತಿನ ತನಕ, ಅಂದರೆ 36 ಕಂಬಗಳ ತನಕ ಬೆಳಸಿರಿ. ಆಮೇಲೆ ಐದು ಸರಪಳಿ ಹಾಕಿ, ಒಂದು ಕಂಬವನ್ನು ಬಿಟ್ಟು ಮುಂದಿನದರಲ್ಲಿ ಗಿಡ್ಡ ಕಂಬದಿಂದ ಸೇರಿಸಿರಿ. ಸುತ್ತಲೂ ಹೀಗೆ ಮಾಡಿದರೆ 18 ಬಿಲ್ಲುಗಳಾಗುವವು. ಮುಂದಿನ ಸುತ್ತುಗಳಲ್ಲಿ ಐದು ಸರಪಳಿ ಹಾಕಿ ಕೆಳಗಿನ ಬಿಲ್ಲಿನ ನಡುವೆ ಸೇರಿಸುತ್ತಾ ಹೋಗಿರಿ. ಮೀನಿನ ಬಲೆಯಂಥ ಜಾಳಿಗೆ ಹುಟ್ಟುವದು. ಒಂದೂವರೆ ಗೇಣು ಆದ ಮೇಲೆ ಪ್ರತಿ ಬಿಲ್ಲಿನಲ್ಲಿ ಎರಡೆರಡು ಗಿಡ್ಡ ಕಂಬ ಹಾಕಿ ಬಾಯಿಯನ್ನು ಬಿಗಿ ಮಾಡಿರಿ. ಅದರ ಮೇಲೆ ಇನ್ನೂ ಮೂರು ಸುತ್ತು ಹಾಕಿರಿ. ಹಿಡಿಕೆಗೆ ಬೇಕಾದಷ್ಟು ಸರಪಳಿ ಹಾಕಿ ಎದುರು ಬದಿಗೆ ಸೇರಿಸಿ, ಅದರ ಮೇಲೆ ಗಿಡ್ಡ ಕಂಬಗಳ ನಾಲ್ಕು ಸಾಲು ನಡಿಸಿದರೆ ಭಾರಕ್ಕೆ ಹರಿಯುವದಿಲ್ಲ. ಇಂಥ ಚೀಲವು ಮಡಚಿದರೆ ಮುಷ್ಟಿಯಲ್ಲಿ ಅಡಗುವದು, ಬಿಚ್ಚಿದರೆ ವಾರದ ಸಂತೆಯನ್ನು ಹೊರುವದು.

5. ಆನೆಗೊಂದಿಯ ಬಾಳೆನಾರು

ಕೊಕ್ಕೆ ಕೆಲಸಕ್ಕೆ ಪೇಟೆಯ ನೂಲೇ ಬೇಕೆಂಬ ನಿಯಮವಿಲ್ಲ. ಇದಕ್ಕೆ ಗಂಗಾವತಿ ತಾಲ್ಲೂಕಿನ ಆನೆಗೊಂದಿಯೇ ಸಾಕ್ಷಿ. ತುಂಗಭದ್ರೆಯ ದಂಡೆಯ ಆ ಊರಿನ ಸುತ್ತಲೂ ಬಾಳೆಯ ತೋಟಗಳಿವೆ. ಬಾಳೆಯ ದಿಂಡು ಒಂದೇ ಗೊನೆ ಕೊಡುವದು. ಗೊನೆ ಕಡಿದ ಮೇಲೆ ದಿಂಡು ಕೊಳೆತು ಹೋಗುವದೇ ವಾಡಿಕೆ. 1997ರಲ್ಲಿ ಹುಟ್ಟಿದ ಕಿಷ್ಕಿಂದಾ ಟ್ರಸ್ಟ್ ಎಂಬ ಸಂಸ್ಥೆಯು ಆ ಊರಿನ ಸ್ತ್ರೀಯರನ್ನು ಕೂಡಿಸಿ, ಬಿಸಾಡುವ ಈ ವಸ್ತುವಿನಿಂದಲೇ ಕೈಕೆಲಸವನ್ನು ನಡಿಸಿತು. ಪಟ್ಟೆಗಳನ್ನು ಬಿಡಿಸಿ ಬಿಸಿಲಿಗೆ ಒಣಗಿಸುವದು, ಸಣ್ಣಗೆ ಸೀಳುವದು, ತುಸು ನೀರು ಚಿಮುಕಿಸಿ ಮೆತ್ತಗೆ ಮಾಡಿ ಹುರಿ ಹೊಸೆಯುವದು, ಆ ಹುರಿಯಿಂದ ಬುಟ್ಟಿ, ಚೀಲ, ಚಾಪೆ ಮುಂತಾದವುಗಳನ್ನು ಹೆಣೆಯುವದು, ಇದೇ ಆ ಕೆಲಸದ ಕ್ರಮ. ಅಲ್ಲಿಗೆ ಹಂಪಿಯನ್ನು ನೋಡಬಂದ ಪರದೇಶಸ್ಥರೂ ಬರುವದರಿಂದ ಕೊಳ್ಳುವವರು ಸಿಕ್ಕುತ್ತಾರೆ.

ನಮ್ಮ ಓದುಗರಲ್ಲಿ ತೋಟಗಳ ಬಳಿಯಲ್ಲಿರುವವರು ಇದನ್ನು ಮನೆಯಲ್ಲಿ ಪ್ರಯತ್ನಿಸಬಹುದು. ಎರಡು ಎಚ್ಚರಿಕೆಗಳುಂಟು. ಚೆನ್ನಾಗಿ ಒಣಗದ ನಾರು ಮಳೆಗಾಲದಲ್ಲಿ ಬೂಸು ಹಿಡಿಯುವದು. ಆದಕಾರಣ ಬೇಸಿಗೆಯಲ್ಲಿಯೇ ಒಣಗಿಸಿ ಗಾಳಿಯಾಡುವ ಎತ್ತರದ ಸ್ಥಳದಲ್ಲಿ ಇಡತಕ್ಕದ್ದು. ಹುರಿಯು ಒಂದೇ ದಪ್ಪವಿಲ್ಲದಿದ್ದರೆ ಬುಟ್ಟಿ ಸೊಟ್ಟಗಾಗುವದು. ಆದಕಾರಣ ಹೊಸೆಯುವದರಲ್ಲಿ ಅವಸರಪಡಬಾರದು. ಯಲಬುರ್ಗಾ, ಕುಷ್ಟಗಿಗಳ ಮಳೆಯಾಶ್ರಿತ ಎರೆಹೊಲಗಳ ಊರುಗಳಲ್ಲಿ ಬಾಳೆ ಸಿಕ್ಕುವದು ಕಷ್ಟ. ಅಲ್ಲಿಯವರಿಗೆ ಹಳೇ ಸೀರೆಯ ಪಟ್ಟಿಯೇ ಬಾಳೆನಾರು.

6. ದೂರದ ಎರಡು ಕಥೆಗಳು

ಈಗ ಎರಡನೆಯ ಪ್ರಶ್ನೆಗೆ ಬರೋಣ. 1845ರಲ್ಲಿ ಐರ್ಲೆಂಡ್ ದೇಶದಲ್ಲಿ ಆಲೂಗಡ್ಡೆಯ ಬೆಳೆಗೆ ರೋಗ ತಗಲಿ ಮಹಾ ಕ್ಷಾಮವುಂಟಾಯಿತು. ಬಡವರಿಗೆ ಆಲೂಗಡ್ಡೆಯೇ ಅನ್ನವಾಗಿದ್ದದರಿಂದ ಲಕ್ಷಾಂತರ ಜನರು ಸತ್ತರು, ಲಕ್ಷಾಂತರ ಜನರು ಊರು ಬಿಟ್ಟರು. ಆ ಕಾಲದಲ್ಲಿ ಕಾರ್ಕ್ ಪಟ್ಟಣದ ಬಳಿಯ ಕನ್ಯಾಸ್ತ್ರೀಯರು ಮೊದಲಾದವರು ಬಡ ಹೆಂಗಸರಿಗೆ ಕೊಕ್ಕೆಯಿಂದ ಲೇಸು ಮಾಡುವದನ್ನು ಕಲಿಸಿದರು. ಆ ಲೇಸು ಶ್ರೀಮಂತರ ಉಡುಪುಗಳಿಗೆ ಏರಿತು. ಅದರ ಹಣದಿಂದ ಅನೇಕ ಮನೆಗಳಲ್ಲಿ ಒಲೆ ಉರಿಯಿತು. ಆದರೆ ಯಂತ್ರದ ಅಗ್ಗದ ಲೇಸು ಹೆಚ್ಚಿ, ಉಡುಪಿನ ಬಯಕೆಯೂ ಬದಲಾದಾಗ ಕೊಳ್ಳುವವರು ಕಡಿಮೆಯಾದರು. ಕೈಯಲ್ಲಿದ್ದ ಚಮತ್ಕಾರವು ಕಡಿಮೆಯಾಗಲಿಲ್ಲ. ಕೊಳ್ಳುವವನ ಮನಸ್ಸು ಮಾತ್ರ ತಿರುಗಿತು.

ಎರಡನೆಯ ಕಥೆ ನಮಗೆ ಹತ್ತಿರದ್ದು. ಆಂಧ್ರದ ಗೋದಾವರಿ ಸೀಮೆಯಲ್ಲಿ ನರಸಾಪುರವೆಂಬ ಪಟ್ಟಣವುಂಟು. ಹತ್ತೊಂಭತ್ತನೆಯ ಶತಮಾನದಲ್ಲಿ ಆ ಸೀಮೆಗೆ ಬಂದ ಮಿಶನರಿಗಳು ನಮ್ಮಂಥ ಬಡ ಕ್ರೈಸ್ತ ಸ್ತ್ರೀಯರಿಗೆ ಈ ಲೇಸಿನ ಕೆಲಸವನ್ನು ಕಲಿಸಿದರು. ಕ್ರಮೇಣ ಅದು ಬೇರೆ ಜನರಿಗೂ ಹಬ್ಬಿ, ಸುತ್ತಣ ಹಳ್ಳಿಗಳ ಸಾವಿರಾರು ಮನೆಗಳ ಕೆಲಸವಾಯಿತು. ಲೇಸು ಹಡಗು ಹತ್ತಿ ಪರದೇಶಗಳಿಗೆ ಹೋಯಿತು. ಮರಿಯಾ ಮೀಸ್ ಎಂಬ ಜರ್ಮನ್ ವಿದುಷಿಯು ಆ ಹಳ್ಳಿಗಳಲ್ಲಿ ವಿಚಾರಣೆ ಮಾಡಿ 1982ರಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದಳು. ಅದರಲ್ಲಿ ತೋರಿಬಂದದ್ದೇನಂದರೆ, ನೂಲು ಕೊಡುವವರೂ ಲೇಸು ಒಯ್ಯುವವರೂ ಬೆಳೆದರು. ಮಾಡಿದವಳಾದರೋ ದಿನವೆಲ್ಲಾ ಕೆಲಸ ಮಾಡಿಯೂ ಅತ್ಯಲ್ಪ ಕೂಲಿಯನ್ನೇ ಕಂಡಳು. ಯಾಕಂದರೆ ಅವಳನ್ನು ಕೆಲಸಗಾರಳೆಂದು ಯಾರೂ ಎಣಿಸಲಿಲ್ಲ. ಮನೆಯಲ್ಲಿ ಸುಮ್ಮನೆ ಕೂತವಳು ಬಿಡುವಿನ ವೇಳೆಯನ್ನು ಕಳೆಯುತ್ತಾಳೆಂದೇ ಎಲ್ಲರೂ ಅಂದುಕೊಂಡರು, ಅವಳೂ ಹಾಗೆಯೇ ನಂಬಿದಳು. 2024ರಲ್ಲಿ ನರಸಾಪುರದ ಕ್ರೋಶಾ ಲೇಸಿಗೆ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆಯಿತು. ಹೆಸರು ದೊರೆತದ್ದು ಒಳ್ಳೇದೇ. ಆದರೆ ಹೆಸರಿನೊಂದಿಗೆ ಕೂಲಿಯೂ ಮಾಡಿದವಳ ಕೈಗೆ ಮುಟ್ಟಬೇಕಾದರೆ, ಲೆಕ್ಕವು ಅವಳ ಕೈಯಲ್ಲಿರಬೇಕು.

7. ಲೆಕ್ಕ ಬರೆಯುವದು

ಇದು ದೂರದವರ ಸಂಗತಿಯೆಂದು ತಳ್ಳಿಬಿಡಬಾರದು. ಕೊಪ್ಪಳಕ್ಕೆ ಹೊಂದಿಕೊಂಡಿರುವ ಭಾಗ್ಯನಗರದ ಕೂದಲಿನ ಉದ್ಯೋಗದಲ್ಲಿ ಸಿಕ್ಕು ಬಿಡಿಸುವ ಕೈಗಳು ಹೆಂಗಸರವು. ಇಳಕಲ್ಲಿನ ಸೀರೆಗಳ ಪ್ರಾಂತದಲ್ಲಿ ಕುಚ್ಚು ಕಟ್ಟುವ ಕೈಗಳೂ ಹೆಂಗಸರವೇ. ತುಂಡಿಗಿಷ್ಟು ಎಂದು ಹೇಳುವಲ್ಲಿ ತಾಸಿನ ಲೆಕ್ಕವು ಮರೆಯಾಗುವದು.

ಕುಷ್ಟಗಿ ಕಡೆಯ ಒಂದು ಗ್ರಾಮದ ಕೂಟದಲ್ಲಿ ನಾವು ಕಂಡದ್ದನ್ನು ಹೇಳುತ್ತೇವೆ. ಒಬ್ಬ ಸೊಸೆಯು ಬಾಗಿಲಿನ ತೋರಣವೊಂದನ್ನು ಹೆಣೆದು ತಂದಿದ್ದಳು. ಪೇಟೆಯ ಒಬ್ಬ ವ್ಯಾಪಾರಿಯು ಅದಕ್ಕೆ 120 ರೂಪಾಯಿ ಕೊಡುವೆನೆಂದಿದ್ದನಾಗಿ ಅವಳಿಗೆ ಬಹು ಸಂತೋಷ. ಹತ್ತಿರ ಕೂತಿದ್ದ ಅತ್ತೆಯು, “ಎಷ್ಟ ತಾಸು ಕುಂತಿ ಯವ್ವಾ?” ಎಂದು ಕೇಳಿದಳು. “ಆರ ತಾಸು ಆಗಿರಬೇಕ್ರಿ ಅತ್ತಿ.” “ನೂಲಿಗೆ?” “ಅರವತ್ತ ರೂಪಾಯಿ.” ಅತ್ತೆಯು ಬೆರಳು ಮಡಚಿ ಎಣಿಸಿ, “ಹಂಗಾದ್ರ ತಾಸಿಗೆ ಹತ್ತ ರೂಪಾಯಿ ಆತು. ನಾ ಕಳೆ ತಗಿಯಾಕ ಹೋದ್ರ ಇದಕ್ಕಿಂತ ಹೆಚ್ಚಿಗಿ ಬರತೈತಿ” ಎಂದಳು. ಕೂಟದಲ್ಲಿ ಯಾರೂ ಮಾತಾಡಲಿಲ್ಲ. ಆ ಮುದುಕಿಗೆ ಓದು ಬಾರದು. ಆದರೆ ಪುಸ್ತಕ ಬರೆದವರು ಕಂಡದ್ದನ್ನೇ ಅವಳು ಬೆರಳುಗಳ ಮೇಲೆ ಕಂಡಳು.

ಸೊಸೆಯು ತೋರಣವನ್ನು ವ್ಯಾಪಾರಿಗೆ ಕೊಡಲಿಲ್ಲ. ತಾಸಿಗೆ 40 ರೂಪಾಯಿಯಂತೆ 240, ನೂಲಿಗೆ 60, ಒಟ್ಟು 300 ಎಂದು ಚೀಟಿ ಬರೆದು, ಮದುವೆಯ ಮನೆಯವರಿಗೆ ನೇರವಾಗಿ ತೋರಿಸಿದಳು. ಮೊದಲನೆಯ ಮನೆಯವರು ಹೆಚ್ಚಾಯಿತೆಂದು ಹಿಂದಕ್ಕೆ ಕೊಟ್ಟರು; ಎರಡನೆಯವರು 250 ಕೊಟ್ಟು ಕೊಂಡರು. ಎಲ್ಲರಿಗೂ ಹೀಗೆಯೇ ಆಗುವದೆಂದು ನಾವು ಹೇಳುವದಿಲ್ಲ. ಕಡಿಮೆ ಬೆಲೆಗೆ ಕೊಡಬೇಕಾಗಿ ಬರುವ ಕಷ್ಟದ ದಿನಗಳು ಬಂದೇ ಬರುತ್ತವೆ. ಆದರೆ ತಿಳಿದು ಕೊಡುವದು ಬೇರೆ, ತಿಳಿಯದೆ ಕೊಡುವದು ಬೇರೆ.

ನಮ್ಮ ತಪ್ಪನ್ನೂ ಮರೆಮಾಡುವದಿಲ್ಲ. ಒಮ್ಮೆ ನಾವೇ ಒಂದು ಗ್ರಾಮದ ಸಹೋದರಿಯರಿಂದ 24 ಲೋಟದ ಹಾಸುಗಳನ್ನು ಮಾಡಿಸಿ ಒಂದು ಅಂಗಡಿಗೆ ಕೊಟ್ಟೆವು. ಒಂಭತ್ತು ಹಾಸುಗಳು ಹಿಂದಕ್ಕೆ ಬಂದವು. ಯಾಕಂದರೆ ಒಂದು ದೊಡ್ಡದು, ಒಂದು ಚಿಕ್ಕದು, ಒಂದು ಬಟ್ಟಲಿನಂತೆ ಬಾಗಿದ್ದು. ಅಂಗಡಿಯವನ ಮೇಲೆ ಕೋಪ ಬಂದರೂ ಕೊರತೆ ನಮ್ಮದೇ ಆಗಿತ್ತು. ಸುತ್ತುಗಳನ್ನು ಎಣಿಸಲು ಹೇಳಿದ್ದೆವೇ ಹೊರತು ಅಳತೆ ಕೊಟ್ಟಿರಲಿಲ್ಲ. ಅಂದಿನಿಂದ ರಟ್ಟಿನ ಒಂದು ದುಂಡನ್ನು ಕತ್ತರಿಸಿ ಪ್ರತಿಯೊಬ್ಬಳಿಗೂ ಕೊಡುತ್ತೇವೆ. ಹಾಸು ರಟ್ಟಿಗೆ ಸರಿಯಾಗಿ ಕೂತರೆ ಮಾತ್ರ ಮಾರತಕ್ಕದ್ದು, ಇಲ್ಲದಿದ್ದರೆ ಮನೆಯಲ್ಲಿ ಬಳಸತಕ್ಕದ್ದು.

8. ಮಾಡಬಾರದ ಸಂಗತಿಗಳು

ಮೊದಲನೆಯದಾಗಿ, ಕೆಲಸ ಹೆಚ್ಚಿತೆಂದು ಹೆಣ್ಣುಮಕ್ಕಳನ್ನು ಶಾಲೆ ಬಿಡಿಸಬಾರದು. ಬೆರಳು ಸಣ್ಣಗಿದೆ, ಚಟ್ಟನೆ ಕಲಿಯುತ್ತಾಳೆ, ಎಂಬ ಹೊಗಳಿಕೆಯಿಂದಲೇ ಅನೇಕ ಹುಡುಗಿಯರ ಪಾಟಿಚೀಲವು ಗೂಟಕ್ಕೆ ತೂಗಿದ್ದುಂಟು. ರಜೆಯ ದಿನ ಆಟದಂತೆ ಕಲಿಯಲಿ. ಲೆಕ್ಕದ ಚೀಟಿಯನ್ನು ತಾಯಿಗೆ ಬರೆದುಕೊಡುವಷ್ಟು ಓದು ಮೊದಲು ಬರಲಿ.

ಎರಡನೆಯದಾಗಿ, ಮಂದ ಬೆಳಕಿನಲ್ಲಿ ಸಣ್ಣ ನೂಲಿನ ಕೆಲಸ ಮಾಡಬಾರದು. ಅರ್ಧ ತಾಸಿಗೊಮ್ಮೆ ತಲೆಯೆತ್ತಿ ದೂರದ ಮರವನ್ನೋ ಗುಡ್ಡವನ್ನೋ ನೋಡಿರಿ; ಕುತ್ತಿಗೆ ಬೆರಳುಗಳನ್ನು ಸಡಿಲಿಸಿರಿ.

ಮೂರನೆಯದಾಗಿ, ಮಾಡಿದ್ದನ್ನೆಲ್ಲಾ ಮಾರಬಾರದು. ಯೊಪ್ಪ ಪಟ್ಟಣದ ದೊರ್ಕಳನ್ನು ನಮ್ಮ ಓದುಗರು ಬಲ್ಲರು. ಅವಳು ಸತ್ತಾಗ ವಿಧವೆಯರು ಎತ್ತಿ ತೋರಿಸಿದ್ದು ಅವಳ ಹಣವನ್ನಲ್ಲ, ಅವಳು ಮಾಡಿಕೊಟ್ಟ ಬಟ್ಟೆಗಳನ್ನು. ನೆರೆಮನೆಯ ಬಾಣಂತಿಯ ಕೂಸಿಗೆ ಒಂದು ಕುಲಾಯಿ, ನೀರು ಹೊರುವ ಮುದುಕಿಗೆ ಒಂದು ಸಿಂಬೆ, ಇಷ್ಟನ್ನಾದರೂ ವರುಷಕ್ಕೊಮ್ಮೆ ಲೆಕ್ಕ ಬರೆಯದೆ ಕೊಡಬಹುದು. ಲೆಕ್ಕ ಬಲ್ಲವಳು ಕೊಟ್ಟದ್ದು ನಿಜವಾದ ದಾನ. ತನ್ನ ಕೆಲಸದ ಬೆಲೆಯನ್ನೇ ಅರಿಯದವಳಿಂದ ತೆಗೆದುಕೊಂಡದ್ದು ದಾನವಲ್ಲ.

ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ದುಂಡು ಹಾಸಿನಲ್ಲಿ ಪ್ರತಿ ಸುತ್ತಿಗೆ ಎಷ್ಟು ಕಂಬಗಳು ಹೆಚ್ಚಬೇಕು? ಅಂಚು ಬಾಗಿದರೆ ತಪ್ಪು ಯಾವದು, ನೆರಿಗೆಯಾದರೆ ಯಾವದು?
2. ನಮ್ಮ ಊರಿನಲ್ಲಿ ಬಿಸಾಡುವ ಯಾವ ವಸ್ತುವಿನಿಂದ ಹುರಿಯನ್ನಾಗಲಿ ಪಟ್ಟಿಯನ್ನಾಗಲಿ ಮಾಡಬಹುದು?
3. ನರಸಾಪುರದ ಸ್ತ್ರೀಯರಿಗೆ ಕೂಲಿ ಕಡಿಮೆಯಾಗುವದಕ್ಕೆ ಕಾರಣವೇನು? ನಮ್ಮಲ್ಲಿ ಅಂಥ ಕೆಲಸ ಯಾವದು?
4. ಈ ತಿಂಗಳು ನೀವು ಮಾಡಿದ ಒಂದು ವಸ್ತುವಿನ ನೂಲಿನ ಖರ್ಚನ್ನೂ ತಾಸುಗಳನ್ನೂ ಬರೆಯಿರಿ. ಬರೆಯಲು ಬಾರದವರು ಮಗಳಿಂದಾಗಲಿ ಮಗನಿಂದಾಗಲಿ ಬರೆಸಿರಿ. ಮುಂದಿನ ಕೂಟದಲ್ಲಿ ವಸ್ತುವನ್ನೂ ಚೀಟಿಯನ್ನೂ ಕೂಡಿಯೇ ತೋರಿಸತಕ್ಕದ್ದು.